ಮತ್ತಿ ಮರದ ಬಿಳಿ ಪಟ್ಟಿ

೨೦೦೧ರ ಅಕ್ಟೋಬರ್ ೧೪, ಭಾನುವಾರ, ಬೆಳಿಗ್ಗೆ ೭ ಗಂಟೆ ೪೦ ನಿಮಿಷ. ಖಾನಾಪುರದ ಬಸ್ಸು ಮಚ್ಛೆ ದಾಟುತ್ತಿತ್ತು. ಮಾಯಾ ಮತ್ತೊಮ್ಮೆ ಚೀಲದೊಳಗೆ ಕೈ ಹಾಕಿದಳು. ಅಳತೆಯ ಟೇಪು ಇತ್ತು. ನೀಲಿ ನೋಟ್‌ಬುಕ್ಕೂ ಇತ್ತು.

"ಎಷ್ಟು ಸಲ ನೋಡ್ತಿ? ಟೇಪಿಗೆ ಕಾಲಿಲ್ಲ, ಎಲ್ಲೂ ಓಡಿ ಹೋಗಾಂಗಿಲ್ಲ," ಎಂದರು ಸುಮನ್ ಅಜ್ಜಿ.

ವಡಗಾವಿಯಲ್ಲಿ ಮಾಯಾಳ ಮನೆಯ ಪಕ್ಕದಲ್ಲೇ ಅಜ್ಜಿಯ ಮನೆ. ಅಜ್ಜಿಯ ಗಂಡ ಪಾಂಡುರಂಗ ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದು ನಿವೃತ್ತರಾದವರು. ಮಾಯಾಳಿಗೆ ಅವರು 'ಗಿಡದ ಅಜ್ಜ'. ಖಾನಾಪುರದ ಕಾಡಂಚಿನಲ್ಲಿರುವ ಒಂದು ಮತ್ತಿ ಮರದ ಸುತ್ತಳತೆಯನ್ನು ಪ್ರತಿ ವರ್ಷ ಇದೇ ದಿನ ಅಳೆದು ಬರೆಯುತ್ತಿದ್ದರು. ಕಳೆದ ಎರಡು ವರ್ಷ ಟೇಪಿನ ತುದಿ ಹಿಡಿದವಳು ಮಾಯಾ.

ಜುಲೈಯಲ್ಲಿ ಅಜ್ಜ ತೀರಿಕೊಂಡರು. ನೋಟ್‌ಬುಕ್ಕಿನಲ್ಲಿ ಈ ವರ್ಷದ ಸಾಲು ಇನ್ನೂ ಖಾಲಿ. ನಾಳೆ ನೋಟ್‌ಬುಕ್ಕು ಅಜ್ಜ ಕಲಿಸುತ್ತಿದ್ದ ಕಾಲೇಜಿನ ಸಂಗ್ರಹಕ್ಕೆ ಹೋಗುತ್ತದೆ.

"ಅಜ್ಜಿ, ಪ್ರತಿ ವರ್ಷ ಇದ ದಿನಾ ಯಾಕ ಅಳೀಬೇಕು?"

"ಮಳಿಗಾಲದಾಗ ತೊಗಟಿ ನೀರು ಕುಡದು ಉಬ್ಬತದ, ಆಮ್ಯಾಲ ಇಳೀತದ. ಅದಕ್ಕ ತಾರೀಖು ಬದಲಿ ಮಾಡಬಾರದು. ನಮ್ಮ ಮದುವಿ ತಾರೀಖು ಮರೀತಿದ್ರು ನೋಡು, ಇದನ್ನ ಎಂದೂ ಮರೀಲಿಲ್ಲ!"

ಖಾನಾಪುರದಲ್ಲಿ ರಾಯಪ್ಪ ಕಾಯುತ್ತಿದ್ದ. ಅವನ ಎಮ್ಮೆಗಳು ಮೇಯುವುದು ಆ ಮರದ ಸುತ್ತಲೇ.

"ಬರ್ರಿ ಅಕ್ಕಾರ. ಸಾಹೇಬ್ರು ಬರಾಂಗಿಲ್ಲಂತ ಗೊತ್ತಿದ್ರೂ ದಾರಿ ನೋಡಾಕ ಹತ್ತಿದ್ದೆ," ಎಂದವನೇ ಮುಂದೆ ನಡೆದ.

ಮೊಸಳೆಯ ಬೆನ್ನಿನಂಥ ತೊಗಟೆಯ ಮತ್ತಿ ಮರ ಅಲ್ಲೇ ಇತ್ತು. ಅಜ್ಜಿ ಮೊಣಕಾಲು ಒತ್ತಿಕೊಂಡು ಕಲ್ಲಿನ ಮೇಲೆ ಕುಳಿತರು. ಮಾಯಾ ಟೇಪಿನ ತುದಿಯನ್ನು ಎದೆಯ ಮಟ್ಟಕ್ಕೆ ಒತ್ತಿ ಹಿಡಿದಳು. ರಾಯಪ್ಪ ಇನ್ನೊಂದು ತುದಿ ಹಿಡಿದು ಮರವನ್ನು ಸುತ್ತಿ ಬಂದ.

"೨೩೬! ಹೋದ ವರ್ಷ ೨೨೬.೫ ಇತ್ತು. ಒಂಬತ್ತೂವರಿ ಸೆಂಟಿಮೀಟರ್ ಬೆಳದೈತಿ!" ಎಂದಳು ಮಾಯಾ.

"ನನ್ನ ಎಮ್ಮಿ ಸುದ್ದಾ ಹಂಗ ದಪ್ಪ ಆಗಾಂಗಿಲ್ಲವ್ವ," ಎಂದು ರಾಯಪ್ಪ ನಕ್ಕ.

ಮಾಯಾಳಿಗೂ ಅನುಮಾನ ಬಂತು. ನೋಟ್‌ಬುಕ್ಕಿನಲ್ಲಿ ಹುಡುಕಿದಳು. ಯಾವ ವರ್ಷವೂ ಮರ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಬೆಳೆದಿರಲಿಲ್ಲ. ತಾನು ಎಲ್ಲೋ ತಪ್ಪಿದ್ದಳು.

"ಹೋದ ವರ್ಷದ್ದಕ್ಕ ಒಂದು ಕೂಡಿಸಿ ಬರದ್ರಾತು," ಎಂದ ರಾಯಪ್ಪ. "ಯಾರು ನೋಡ್ತಾರ?"

ಪೆನ್ನು ಮಾಯಾಳ ಕೈಯಲ್ಲೇ ಇತ್ತು. ಬರೆದುಬಿಟ್ಟರೆ ಮುಗಿಯಿತು. ಅವಳ ಕಣ್ಣು ಪುಟದ ಕೊನೆಯ ಕಾಲಮ್ಮಿಗೆ ಹೋಯಿತು. ಅಲ್ಲಿ ಅಜ್ಜನ ಸಣ್ಣ ಅಕ್ಷರಗಳಿದ್ದವು.

೧೯೬೮: ಮೊದಲ ಅಳತೆ. ೧೯೬೯: ಸುಮನ್ ಟೇಪು ಹಿಡಿದಳು. ೧೯೯೨: ನಿವೃತ್ತಿಯ ನಂತರ ಮೊದಲ ಸಲ. ೨೦೦೦: ಮಾಯಾ ಈ ಸಲ ಟೇಪು ಸಡಿಲ ಬಿಡಲಿಲ್ಲ.

೧೯೮೩ರ ಸಾಲಿನಲ್ಲಿ ಅಂಕಿಯೇ ಇರಲಿಲ್ಲ. 'ಟೈಫಾಯ್ಡ್. ಅಳೆದಿಲ್ಲ' ಎಂದಷ್ಟೇ ಇತ್ತು.

"ಅಜ್ಜಿ, ಇಲ್ಲಿ ಅಜ್ಜ ಯಾಕ ಅಂದಾಜು ಹಾಕಿಲ್ಲ?"

"ನಾನೂ ಅಂದಿದ್ದೆ, ಒಂದು ಕೂಡಿಸಿ ಬರೀರಿ ಅಂತ. ಅವರು ಅಂದ್ರು, 'ಅದು ನನ್ನ ಲೆಕ್ಕ ಆಗ್ತದ, ಗಿಡದ್ದಲ್ಲ.'"

ಮಾಯಾ ಪೆನ್ನಿನ ಮುಚ್ಚಳ ಹಾಕಿದಳು. ಮೊದಲ ಪುಟ ತೆಗೆದಳು. 'ನೆಲದಿಂದ ೧೩೭ ಸೆಂ.ಮೀ. ಎತ್ತರದಲ್ಲಿ ಅಳೆಯುವುದು. ಬುಡದ ಕಡೆ ಮರ ದಪ್ಪ.'

ನೆಲದಿಂದ ಟೇಪು ಹಿಡಿದು ನೋಡಿದರೆ ೧೩೭ ಅವಳ ನೆತ್ತಿಗಿಂತ ಮೇಲೆ! ರಾಯಪ್ಪ ಅಲ್ಲಿನ ಹಸಿರು ಪಾಚಿಯನ್ನು ಮೆಲ್ಲಗೆ ಒರೆಸಿದ. ಕೆಳಗೆ ಮಾಸಿದ ಬಿಳಿ ಬಣ್ಣದ ಪಟ್ಟಿ ಕಂಡಿತು. ಅಜ್ಜ ಬಳಿದದ್ದು. ಕಳೆದ ವರ್ಷ ಅವಳ ಕೈಯನ್ನು ಹಿಡಿದೆತ್ತಿ ಆ ಪಟ್ಟಿಯ ಮೇಲೆ ಇಟ್ಟವರು ಅವರೇ.

"ಸಾಹೇಬ್ರು ಇಲ್ಲೇ ಅದಾರ," ಎಂದ ರಾಯಪ್ಪ.

ಮಾಯಾ ಮರದ ಬುಡದಲ್ಲಿದ್ದ ಇನ್ನೊಂದು ಕಲ್ಲಿನ ಮೇಲೆ ಹತ್ತಿ ನಿಂತಳು. ಟೇಪು ಸಡಿಲ ಬಿಡಲಿಲ್ಲ. ಎರಡು ಸಲ ಅಳೆದಳು. ಎರಡು ಸಲವೂ ಒಂದೇ ಅಂಕಿ.

ಮರ ಬೆಳೆದದ್ದು ಎಂಟು ಮಿಲಿಮೀಟರ್. ಅವಳ ಕಿರುಬೆರಳಿನ ಉಗುರಿನಷ್ಟು. ಅಜ್ಜ ಹಾಸಿಗೆ ಹಿಡಿದಿದ್ದಾಗ, ವಡಗಾವಿಯ ಓಣಿಯ ನೇಕಾರರೆಲ್ಲ ಮಗ್ಗ ನಿಲ್ಲಿಸಿ ಅವರ ಬಾಗಿಲಲ್ಲಿ ಸೇರಿದ್ದ ದಿನವೂ, ಈ ಮರ ಇಲ್ಲಿ ಸದ್ದಿಲ್ಲದೆ ಅಷ್ಟಷ್ಟೇ ದಪ್ಪಗಾಗುತ್ತಿತ್ತು. ಮಾಯಾ ಕತ್ತೆತ್ತಿ ನೋಡಿದಳು. ಮರದ ತುದಿ ಕಾಣಲಿಲ್ಲ.

"ಕೊನೀ ಕಾಲಮ್ಮಿನ್ಯಾಗ ಏನ್ ಬರೀಲಿ ಅಜ್ಜಿ?"

"ನಿನಗ ಖರೇ ಅನಿಸಿದ್ದು ಬರಿ."

ಮಾಯಾ ಪೆನ್ನಿನ ಮುಚ್ಚಳ ತೆಗೆದಳು. 'ಮೊದಲ ಸಲ ತಪ್ಪಾಯಿತು. ಮತ್ತೆ ಅಳೆದೆವು' ಎಂದು ಬರೆದಳು. ಆಮೇಲೆ ಖಾಲಿಯಿದ್ದ ಜಾಗದಲ್ಲಿ, ಅಜ್ಜನಷ್ಟೇ ಸಣ್ಣ ಅಕ್ಷರದಲ್ಲಿ, ಈ ವರ್ಷದ ಸುತ್ತಳತೆ ಬರೆದಳು: ೨೨೭.೩ ಸೆಂ.ಮೀ.