ಬಾಯಿಮಟ್ಟದ ಮೇಲಿನ ಗೋಪುರ

ಬರಿಯ ಮೇಜಿನ ಮೇಲೆ ಒಂದು ಶಂಕು ತಲೆಕೆಳಗಾಗಿ ಮೂಡಿ ನಿಂತಿತು. ಪಕ್ಕದಲ್ಲಿ ಅಷ್ಟೇ ಬಾಯಿ, ಅಷ್ಟೇ ಎತ್ತರದ ಸಿಲಿಂಡರು. ಎರಡೂ ಬರೀ ಬೆಳಕು. ಆದರೂ ಬಸಲಿಂಗಿ ಕೈಯಿಟ್ಟಾಗ ಶಂಕು ಗಟ್ಟಿಯಾಗಿ ಸಿಕ್ಕಿತು. ಕಿವಿಗೆ ನಿಲುಕದ ಶಬ್ದದ ಅಲೆಗಳು ಮೇಜಿನಿಂದೆದ್ದು ಅಂಗೈಯನ್ನು ಒತ್ತುತ್ತಿದ್ದವು. ಇದನ್ನು ಕಂಡುಹಿಡಿದ ವಿಜ್ಞಾನಿ ಶಾಹೀನ್ ನದಾಫ್ ಇದಕ್ಕೆ ‘ಘನಬೆಳಕು’ ಎಂದು ಹೆಸರಿಟ್ಟಿದ್ದರು. ಎರಡು ಸಾವಿರದ ಅರವತ್ತರ ಹೊತ್ತಿಗೆ ಎಷ್ಟೋ ಶಾಲೆಗಳ ಮಕ್ಕಳು ಘನಫಲವನ್ನು ಕೈಯಿಂದಲೇ ಕಲಿಯುತ್ತಿದ್ದರು. ರೋಣದಾಚೆಯ ಈ ಊರಿನ ಶಾಲೆಗೆ ನದಾಫ್ ತಾವೇ ಯಂತ್ರ ಹೊತ್ತು ಬಂದದ್ದು ಇಂದೇ.

ಬಸಲಿಂಗಿ ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಈಗ ಒಂಬತ್ತನೆಯ ತರಗತಿಗೆ ಕೂರುತ್ತೇನೆಂದು ತಾನಾಗಿ ಬಂದಿದ್ದಳು. ಈ ಪರೀಕ್ಷೆ ಗೆದ್ದರೆ ಬೆಂಚು, ಸೋತರೆ ಮನೆ. ಸಿಲಿಂಡರು ತುಂಬಲು ಎಷ್ಟು ಶಂಕು ಬೇಕು? ಪ್ರಶ್ನೆ ಅಷ್ಟೇ.

ಅವಳು ಮೇಜಿನ ಮೇಲೆ ಮೂಡಿದ ಬೆಳಕಿನ ಕಾಳನ್ನು ಶಂಕುವಿಗೆ ಬಾಯಿಮೀರಿ ತುಂಬಿ ಸುರಿದಳು. ಮತ್ತೆ ತುಂಬಿ ಸುರಿದಳು. ಮೂರನೆಯದನ್ನು ಪೂರ್ತಿ ಸುರಿಯುವಷ್ಟರಲ್ಲಿ ಸಿಲಿಂಡರು ಉಕ್ಕಿ ಕಾಳು ಮೇಜಿನ ತುಂಬ ಹರಡಿತು. ಯಂತ್ರದ ಕೆಂಪು ದೀಪ ಹೊತ್ತಿಕೊಂಡಿತು: ತಪ್ಪು.

“ಅಯ್ಯ ತಂಗೀ, ಇಷ್ಟು ದೂರ ಬಂದು ಹೊಸ್ತಿಲದಾಗ ಎಡವಿದೆಲ್ಲ!” ಹೆಡ್‌ಮಾಸ್ತರ ಕುಂದಗೋಳ ಪೇಚಾಡಿಕೊಂಡರು.

ನದಾಫ್ ಮೇಡಂ ಮಾತ್ರ ಶಂಕುವನ್ನೇ ನೋಡುತ್ತಿದ್ದರು. “ಬಾಯಿಮಟ್ಟಕ್ಕ ಯಾಕ ಸವರಲಿಲ್ಲವ್ವಾ?”

“ಸವರಿ ಅಳದರ ಅವ್ವ ಬೈತಾಳ್ರೀ.” ಬಸಲಿಂಗಿಯ ದನಿ ನೆಲಕ್ಕಿಳಿಯಿತು. “ಮಂದಿಗೆ ಕಾಳು ಕೊಡೂಮುಂದ ಸೇರಿನ ಮ್ಯಾಲ ಗೋಪುರ ನಿಲ್ಲಬೇಕಂತ. ಇಲ್ಲಂದ್ರ ಜಿಪುಣರು ಅಂತಾರ್ರೀ.”

ಹಿಂದಿನ ಬೆಂಚಿನವರು ಕಿಸಕ್ಕೆಂದರು. ಬಸಲಿಂಗಿ ತಿರುಗಿ ಬಾಗಿಲ ಕಡೆ ನೋಡಿದಳು, ಆಮೇಲೆ ಚೆಲ್ಲಿದ ಕಾಳನ್ನು. ಕಾಲು ಕದಲಲಿಲ್ಲ.

“ಇನ್ನೊಂದು ಸಿಲಿಂಡರ ಕೊಡ್ರಿ ಮೇಡಂ. ಬಾಯಿ ಅಷ್ಟ ಇರಲಿ. ಎತ್ತರ ಮಾತ್ರ ಶಂಕುದ ಮ್ಯಾಲ ನಿಂತಿದ್ದ ಗೋಪುರದಷ್ಟು.”

ಗಿಡ್ಡ ಸಿಲಿಂಡರು ಮೂಡಿತು. ಅವಳು ದೊಡ್ಡದರ ಬಾಯನ್ನು ಅಂಗೈಯಿಂದ ಸವರಿ, ಹೊರಗೆ ಬಿದ್ದುದನ್ನೆಲ್ಲ ಬಳಿದು ಗಿಡ್ಡದಕ್ಕೆ ಹಾಕಿದಳು. ಅಂಚಿನವರೆಗೆ ತುಂಬಿತು. ಒಂದು ಕಾಳು ಉಳಿಯಲಿಲ್ಲ, ಒಂದು ಕಾಳು ಕಡಿಮೆಯಾಗಲಿಲ್ಲ.

“ಮೂರು ಶಂಕು ದೊಡ್ಡದ್ರಾಗ ಹೋದ್ವು. ಮೂರು ಗೋಪುರ ಸಣ್ಣದ್ರಾಗ ಹೋದ್ವು.” ಅವಳ ದನಿ ಈಗ ಮೇಲೆದ್ದಿತ್ತು. “ಗೋಪುರನೂ ಶಂಕುನ ಐತ್ರಿ! ಉದ್ದ ಇರಲಿ, ಗಿಡ್ಡ ಇರಲಿ, ಮೂರು ಶಂಕುಕ್ಕ ಒಂದು ಸಿಲಿಂಡರ ತುಂಬತೈತಿ.”

ಕಿಸಕ್ಕೆಂದವರು ಬೆಂಚಿನ ಮೇಲೆ ಎದ್ದು ನಿಂತು ನೋಡುತ್ತಿದ್ದರು. ಕೆಂಪು ದೀಪ ಮಾತ್ರ ಇನ್ನೂ ಉರಿಯುತ್ತಲೇ ಇತ್ತು.

“ಈ ಯಂತ್ರಕ್ಕ ನಾನು ಒಂದ ಉತ್ತರ ಕಲಿಸಿದ್ದೆ ಸರ್,” ಮೇಡಂ ನಕ್ಕರು. “ಈ ಹುಡುಗಿ ಎರಡು ತಂದ್ಲು.”

“ನಮ್ಮೂರ ಸೇರು ಅಂದ್ರ ಹಂಗರೀ, ಮ್ಯಾಲ ಗೋಪುರ ಇರೂದ!” ಎನ್ನುತ್ತ ಕುಂದಗೋಳ ಮಾಸ್ತರ ಮೊದಲ ಸಾಲಿನ ಬೆಂಚನ್ನು ತಮ್ಮ ಧೋತರದ ಚುಂಗಿನಿಂದಲೇ ಒರೆಸಿದರು. ಬಸಲಿಂಗಿ ಸೆರಗು ಸರಿಮಾಡಿಕೊಂಡು, ತಲೆಯೆತ್ತಿ, ಅಲ್ಲಿ ಹೋಗಿ ಕುಳಿತಳು.

ಮೇಡಂ ಅಂದೇ ಯಂತ್ರದಿಂದ ಕೆಂಪು ದೀಪವನ್ನು ಬಿಚ್ಚಿದರು. ಮುಂದೆ ತಯಾರಾದ ಯಾವ ಯಂತ್ರಕ್ಕೂ ಅದನ್ನು ಹಾಕಲಿಲ್ಲ. ದೀಪ ಬಿಚ್ಚುವುದಕ್ಕೆ ಒಂದು ತಿರುಪು ಸಡಿಲಿಸಿದರೆ ಸಾಕಾಯಿತು. ಅದಕ್ಕೂ ಎಷ್ಟೋ ಮೊದಲಿನಿಂದ, ಮಗು ತಾನು ಯಾಕೆ ಹಾಗೆ ಮಾಡಿದೆನೆಂದು ಹೇಳುವ ಮುನ್ನವೇ ಉತ್ತರದ ಮೇಲೆ ಅಡ್ಡಗೆರೆ ಎಳೆಯುತ್ತ ಬಂದ ಕೆಂಪು ಪೆನ್ನು ಮಾತ್ರ ಇನ್ನೂ ನಮ್ಮ ಕೈಯಲ್ಲೇ ಇದೆ.