ಸಕ್ಕರೆಯ ಬಾಟಲಿಗಳು

ಸ್ಟುಡಿಯೋದ ಹಿಂದಿನ ಷೆಡ್ಡಿನಲ್ಲಿ ಟ್ರಿಕ್ ಮೇಷ್ಟ್ರು ಬೋರಲಾಗಿ ಸತ್ತುಬಿದ್ದಿದ್ದರು. ನೆತ್ತಿ ಒಡೆದಿತ್ತು, ಬಲಗೈಯಲ್ಲಿ ಬಾಟಲಿಯ ಕತ್ತು. ತೊಟ್ಟಿಯ ನೀರಿನಲ್ಲಿ ಊರುಗಳನ್ನು ಮುಳುಗಿಸಿ, ಹತ್ತಿಯಲ್ಲಿ ಮೋಡ ಕಟ್ಟಿ, ಸಿನಿಮಾಕ್ಕೆ ಕಣ್ಕಟ್ಟು ಕಲಿಸಿದ ಮೊದಲಿಗರು ಅವರು. ಹೊಡೆದಾಟದ ದೃಶ್ಯಕ್ಕೆ, ನೋವಾಗದಂತೆ ಪುಡಿಯಾಗಲೆಂದು, ಸಕ್ಕರೆ ಪಾಕದಲ್ಲಿ ಬಾಟಲಿ ಎರೆದರೆ, ನಟನಿಗೆ ಕೊಡುವ ಮೊದಲು ಒಂದನ್ನು ತಮ್ಮ ತಲೆಗೇ ಹೊಡೆದುಕೊಂಡು ನೋಡುತ್ತಿದ್ದರು. ಈ ಸಲದ್ದು ನಿಜವಾದ ಗಾಜು.

"ಎರೆದವಳು ಮಗಳು, ಜೋಡಿಸಿದವಳೂ ಮಗಳು," ಎಂದರು ಇನ್‌ಸ್ಪೆಕ್ಟರ್. "ಗಾಜಿಂದು ಬೆರೆಸೋಕೆ ಇನ್ಯಾರು ಬರ್ತಾರೆ?"

ಗೋಡೆಗೊರಗಿ ಕೂತಿದ್ದ ಮಗಳಿಗೆ ಕಾಣದಂತೆ, ಶವ ಪರೀಕ್ಷಿಸುತ್ತಿದ್ದ ಡಾಕ್ಟರು ಮೇಷ್ಟ್ರ ತಲೆಗೆ ಬಟ್ಟೆ ಮುಚ್ಚಿದರು. ಅವರ ಗೆಳೆಯ ಪತ್ತೇದಾರರು ಮಾತ್ರ ಮೊಳೆಗೆ ತೂಗುಹಾಕಿದ್ದ ಹತ್ತಿಯ ಕೈಗವಸುಗಳನ್ನು ನೋಡುತ್ತಿದ್ದರು.

"ಇವು ಯಾತಕ್ಕಮ್ಮ?"

"ಬರಿಗೈ ತಾಗಿದ್ರೆ ಸಕ್ಕರೆ ಬೆವರಿಗೆ ಕರಗಿ ಅಂಟುತ್ತೆ ಸಾರ್. ಇವು ಇಲ್ದೆ ಅಪ್ಪ ಬಾಟಲಿ ಮುಟ್ಟೋರೇ ಅಲ್ಲ. ನಾನೊಮ್ಮೆ ಮರೆತೆ ಅಂತ ವಾರವಿಡೀ ಪಾತ್ರೆ ತೊಳೆಸಿದ್ರು."

ಪತ್ತೇದಾರರು ಹನ್ನೆರಡು ಬಾಟಲಿಗಳ ತಟ್ಟೆಯಲ್ಲಿ ಉಳಿದಿದ್ದ ಹನ್ನೊಂದರ ಮೇಲೆ ಭೂತಗನ್ನಡಿ ಹಿಡಿದು ಬಗ್ಗಿದರು.

ಮಧ್ಯಾಹ್ನ ಎಲ್ಲರನ್ನೂ ಅಲ್ಲಿಗೇ ಕರೆಸಿದರು. ಮಗಳ ಜೊತೆ ಅವಳ ಸೋದರಮಾವನಾದ ಡೈರೆಕ್ಟರು, ಮತ್ತು ನಟ.

"ನನ್ನ ತಲೆಗೆ ಬೀಳಬೇಕಾಗಿದ್ದ ಬಾಟಲಿ," ಎಂದು ನಟ ರಾಗ ಎಳೆದ.

"ತಲೆ ಉಳೀತಲ್ಲ, ಕೂತ್ಕೊಳ್ರಿ," ಎಂದರು ಇನ್‌ಸ್ಪೆಕ್ಟರ್.

ಪತ್ತೇದಾರರು ತಗ್ಗಿದ ದನಿಯಲ್ಲಿ ಶುರುಮಾಡಿದರು. "ಮೇಷ್ಟ್ರ ಕೈಗೆ ಕೈಗವಸೇ ಇರಲಿಲ್ಲ. ಅಂದ್ರೆ ಅವರು ಬಾಟಲಿ ಪರೀಕ್ಷೆ ಮಾಡ್ತಿರಲಿಲ್ಲ. ಯಾರೋ ಹಿಂದಿನಿಂದ ಹೊಡೆದು, ಆಮೇಲೆ ಕತ್ತನ್ನ ಅವರ ಕೈಗೆ ತುರುಕಿದ್ದಾರೆ. ಮಗಳು ಹಾಗೆ ಮಾಡಿದ್ರೆ ಮೊದಲು ಕೈಗವಸು ತೊಡಿಸ್ತಿದ್ದಳು. ಇದು ಈ ಕೆಲಸವನ್ನ ಕ್ಯಾಮೆರಾ ಹಿಂದೆ ನಿಂತು ಮಾತ್ರ ಕಂಡವರ ತಪ್ಪು. ತಟ್ಟೆಯಿಂದಲೇ ತಗೊಂಡ ಹಾಗೆ ಕಾಣಲಿ ಅಂತ ಒಂದು ಸಕ್ಕರೆ ಬಾಟಲಿ ಎತ್ತಿ ಬಚ್ಚಿಟ್ರು. ಎತ್ತುವಾಗ ಪಕ್ಕದ್ದಕ್ಕೆ ಬರಿಗೈಯ ಹೆಬ್ಬೆರಳು ಒತ್ತಿ, ಗುರುತು ಅಚ್ಚೊತ್ತಿಕೊಂಡಿದೆ. ಬೆಳಿಗ್ಗೆ ನೀವು ನೀರು ಕುಡಿದಿಟ್ಟ ಲೋಟದ ಮೇಲೂ ಅದೇ ಗುರುತಿದೆ, ಡೈರೆಕ್ಟ್ರೇ."

ಡೈರೆಕ್ಟರು ತಮ್ಮ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡರು.

"ಆ ಪ್ರವಾಹ, ಆ ಬೆಂಕಿ, ಎಲ್ಲಾ ನನ್ನ ಕಲ್ಪನೆ ಅಂತ ಮೂವತ್ತು ವರ್ಷ ಹೇಳ್ಕೊಂಡು ಬಂದೆ. ಅನುಭವಗಳ ಪುಸ್ತಕ ಬರೀತಿದೀನಿ ಅಂದ್ರು ಭಾವ. ಅದು ಅಚ್ಚಾದ್ರೆ ನಾನು ಉಳೀತಿದ್ನಾ?"

ಮಗಳು ಮೊದಲ ಸಲ ತಲೆಯೆತ್ತಿದಳು.

"ಬರೆದು ಮುಗಿಸಿದ್ರು ಮಾವ. ಶುದ್ಧಪ್ರತಿ ಮಾಡಿದ್ದು ನಾನೇ. ಅದರಲ್ಲೂ ಎಲ್ಲಾ ನಿಮ್ಮ ಕಲ್ಪನೆ ಅಂತಲೇ ಬರೆದಿದ್ದಾರೆ."