ಮುರಿಯದ ಮೂಲೆ

ನಾವಿಕರ ಮುಖಂಡ ಬೋಸನ್ ಹೈದುಕ್‌ನ ಹೆಣ ಸಿಕ್ಕಿದ್ದು ಹಡಗಿನ ದುರಸ್ತಿಗೆಂದು ನೀರು ಬಸಿದ ಡಾಕಿನ ತಳದಲ್ಲಿ, ಕ್ರಿಸ್ಮಸ್ ಹಿಂದಿನ ಸಂಜೆ. ಕಿವಿಯ ಹಿಂದೆ ಏಟು. ಪಕ್ಕದಲ್ಲೇ ಮೊಳದುದ್ದದ ಸ್ಪ್ಯಾನರ್ — ಅದರ ಹಿಡಿಯ ಮೇಲೆ ಇಂಗ್ಲಿಷ್ ಮೇಸ್ತ್ರಿ ಹಿಗ್ಸ್‌ನ ಗುರುತು.

ಎಲ್ಲರಿಗೂ ಅಷ್ಟೇ ಸಾಕಾಯಿತು. ನಮ್ಮ ಪೋಲೆಂಡನ್ನು ಶತ್ರುಗಳು ನುಂಗಿದ್ದರು. ನೆಲವಿಲ್ಲದ ನಮ್ಮ ನೌಕಾಪಡೆಗೆ ಮಿತ್ರರಾದ ಇಂಗ್ಲಿಷರು ಈ ಹಳೆಯ ಕ್ರೂಸರ್ ಯುದ್ಧನೌಕೆಯನ್ನು ಒಪ್ಪಿಸಿದ್ದರು. ಯಂತ್ರಗಳನ್ನು ಕಲಿಸಿಕೊಡಲು ಹಿಗ್ಸ್ ಉಳಿದಿದ್ದ. ಅಂದು ಬೆಳಿಗ್ಗೆ ಹೈದುಕ್ ಹಡಗಿನ ಹಳೆಯ ಇಂಗ್ಲಿಷ್ ಹೆಸರಿನ ಹಿತ್ತಾಳೆ ಫಲಕ ಕೀಳುವಾಗ ಹಿಗ್ಸ್ ಅವನ ಕೊರಳಪಟ್ಟಿ ಹಿಡಿದಿದ್ದನ್ನು ಅರ್ಧ ಹಡಗು ನೋಡಿತ್ತು.

"ಅವನನ್ನೂ ಅದೇ ಗುಂಡಿಗೆ ತಳ್ಳಿ" ಎಂದು ಜನ ಕೂಗಿದರು. ಸುಳ್ಳೇಕೆ, ನಾನೂ ಕೂಗಿದೆ. ಐದು ವರ್ಷ ನುಂಗಿಕೊಂಡ ಸಿಟ್ಟಿಗೆ ಯಾರದಾದರೂ ಒಂದು ಕುತ್ತಿಗೆ ಬೇಕಿತ್ತು.

ಲೆಫ್ಟಿನೆಂಟ್ ಝರೆಂಬಾ ಯುದ್ಧಕ್ಕೆ ಮುಂಚೆ ನ್ಯಾಯಾಧೀಶರು. ಬೆಳಿಗ್ಗೆ ಇಂಗ್ಲಿಷ್ ಪೊಲೀಸರು ಬಂದು ಹಿಗ್ಸ್‌ನನ್ನು ಒಯ್ಯುವವರಿದ್ದರು. ಒಯ್ದರೆ ನೇಣೇ ಗತಿ. ಅಷ್ಟರೊಳಗೆ ಸತ್ಯ ಸಿಗಬೇಕು ಎಂದು ಅವರು ನನ್ನನ್ನು ಕರೆದರು. ಹಡಗಿನ ಗುಮಾಸ್ತ ನಾನು. ಸತ್ತವನ ಜೇಬಿನ ಪಟ್ಟಿ ಬರೆದವನೂ ನಾನೇ. ತಂಬಾಕಿನ ಡಬ್ಬಿ, ಚಾಕು, ಕಾಗದದಲ್ಲಿ ಸುತ್ತಿದ, ನಾಲ್ಕು ಮೂಲೆಯ ಹಬ್ಬದ ತೆಳು ರೊಟ್ಟಿ.

"ಸ್ಪ್ಯಾನರ್ ಹಿಗ್ಸ್‌ದೇ ಅಲ್ವಾ ಸಾರ್?" ಎಂದೆ.

"ಹಡಗಿನ ಎಲ್ಲ ಸಲಕರಣೆ ಮೇಲೂ ಅವನದೇ ಗುರುತಿದೆ ಕಣಯ್ಯ. ಬಾಯ್ಲರ್ ಕೋಣೆಯಲ್ಲಿ ಯಾರ ಕೈಗೆ ಬೇಕಾದ್ರೂ ಸಿಗುತ್ತೆ. ಹಬ್ಬದ ಊಟಕ್ಕೆ ಹೈದುಕ್‌ನ ಮೇಜಿಗೆ ಯಾರ್ಯಾರು ಕೂತಿದ್ರಿ?"

ನಾಲ್ವರು. ಹೈದುಕ್, ತೋಪು ಹಾರಿಸುವ ಬೆಮ್, ಬಾಯ್ಲರಿನ ಸ್ರೋಕಾ, ನಾನು. ನಮ್ಮ ಪದ್ಧತಿಯಂತೆ ಮೊದಲ ಚುಕ್ಕಿ ಮೂಡಿದಾಗ ಎದ್ದು, ಒಬ್ಬರ ರೊಟ್ಟಿಯ ಮೂಲೆಯನ್ನು ಇನ್ನೊಬ್ಬರು ಮುರಿದು ತಿಂದು, ಹಾರೈಸಿದ್ದೆವು. ಹಳೆಯ ಜಗಳವಿದ್ದರೂ ಆ ತುಂಡಿನೊಂದಿಗೆ ಕ್ಷಮಿಸಿದಂತೆ. "ಮನಸ್ಸಲ್ಲಿರೋದು ನೆರವೇರಲಿ" ಎಂದು ನಾನು ಸ್ರೋಕಾನಿಗೆ ಹೇಳಿದ್ದೆ. ಉಳಿದ ರೊಟ್ಟಿಯನ್ನು ಊರಿಗೆ ಒಯ್ಯುತ್ತೇನೆಂದು ಹೈದುಕ್ ಜೇಬಿಗೆ ಹಾಕಿ, ತಂಬಾಕು ಸೇದಲು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಉಳಿದವರೂ ಚದುರಿದೆವು.

ಝರೆಂಬಾ ಬೆಮ್‌ನನ್ನೂ ಸ್ರೋಕಾನನ್ನೂ ಕರೆಸಿದರು. ಹೈದುಕ್‌ನ ರೊಟ್ಟಿ ಮುರಿದಿರಾ? ಇಬ್ಬರೂ ಹೌದೆಂದರು. ನಾನೂ ಹೌದೆಂದೆ.

ಅವರು ಕಾಗದ ಬಿಡಿಸಿದರು.

"ಮೂರು ಜನ ಮುರಿದ್ರೆ ಮೂರು ಮೂಲೆ ಹೋಗಿರಬೇಕು. ಇಲ್ಲಿ ಹೋಗಿರೋದು ಎರಡೇ. ಪಟ್ಟಿಯಲ್ಲಿ ಬರೆದೆ ಗುಮಾಸ್ತ, ನೋಡಲಿಲ್ಲ."

ಅವರು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು.

"ಒಬ್ಬ ಸುಳ್ಳು ಹೇಳ್ತಿದ್ದಾನೆ. ಪರವಾಗಿಲ್ಲ, ಈಗ ಮುರೀರಿ. ಅವನನ್ನ ಕ್ಷಮಿಸಿದೀನಿ ಅಂತ ಹೇಳಿ ತಿನ್ನಿ."

ಬೆಮ್ ಶಿಲುಬೆಯ ಗುರುತು ಮಾಡಿಕೊಂಡು ಒಂದು ಚೂರು ಮುರಿದ. ಹೇಳಿ ತಿಂದ. ಝರೆಂಬಾ ರೊಟ್ಟಿಯನ್ನು ಸ್ರೋಕಾನ ಮುಂದೆ ಹಿಡಿದರು. ಸ್ರೋಕಾನ ಕೈ ಜೇಬಿನಿಂದ ಹೊರಬರಲಿಲ್ಲ.

"ಆಗಲ್ಲ ಸಾರ್."

"ಯಾಕಪ್ಪ?"

"ರಷ್ಯಾದ ಸೆರೆ ಶಿಬಿರದಲ್ಲಿ ನಮ್ಮ ರೊಟ್ಟಿ ತೂಗ್ತಿದ್ದವನು ಈ ಹೈದುಕ್‌ನೇ. ನನ್ನ ತಮ್ಮನ ಪಾಲು ಕದ್ದು ತಾನು ತಿಂದ. ಹದಿನಾರು ದಿನಕ್ಕೆ ತಮ್ಮ ಸತ್ತ. ಇವತ್ತು ನನ್ನ ಗುರುತೂ ಸಿಗದೆ ನಗ್ತಾ ರೊಟ್ಟಿ ಚಾಚಿದ. ಕೊಲ್ಲೋಕೆ ಕೈ ಬಂತು, ಅದನ್ನ ಮುರಿಯೋಕೆ ಬರಲಿಲ್ಲ."

"ಹಿಗ್ಸ್ ನೇಣಿಗೆ ಹೋಗ್ತಿದ್ದನಲ್ಲ?"

"ಗೊತ್ತಿತ್ತು ಸಾರ್. ಅದು ನನ್ನ ತಪ್ಪೇ. ಹೈದುಕ್‌ನನ್ನ ಕೊಂದಿದ್ದು ತಪ್ಪಲ್ಲ."

ಬೆಳಿಗ್ಗೆ ಪೊಲೀಸರು ಸ್ರೋಕಾನನ್ನು ಕರೆದೊಯ್ದರು. ಹಡಗಿನಿಂದ ಇಳಿಯುವ ಹಲಗೆಯ ಮೇಲೆ ನನ್ನ ಪಕ್ಕ ಬಂದಾಗ ಅವನು ನಿಂತ.

"ಗುಮಾಸ್ತರೇ, ನಿಮ್ಮ ಹಾರೈಕೆ ಗಂಟೆಯೊಳಗೇ ಫಲಿಸ್ತು" ಎಂದ.

ಆಮೇಲೆ ಎಷ್ಟೋ ಹಬ್ಬ ಬಂದಿವೆ. ರೊಟ್ಟಿ ಮುರಿಯುತ್ತೇನೆ. ಹಾರೈಸುವುದಿಲ್ಲ.